ಗೊಲ್ಗೊಥದ ನಾಲ್ವರು ಸಿಪಾಯಿಗಳು

ತಪಸ್ಸುಕಾಲ ಬಂತೆಂದರೆ ಮಿಶ್ರಿಕೋಟಿಯ ನಮ್ಮ ಯುವಕರಿಗೆ ರಟ್ಟು, ಬಣ್ಣದ ಕಾಗದ ಮತ್ತು ಗೋಂದಿನ ಚಿಂತೆ ಪ್ರಾರಂಭವಾಗುತ್ತದೆ. ಶುಭ ಶುಕ್ರವಾರದಂದು ಶಿಲುಬೆಯ ಹಾದಿಯನ್ನು ದೃಶ್ಯರೂಪದಲ್ಲಿ ತೋರಿಸುವುದು ನಮ್ಮಲ್ಲಿ ರೂಢಿ. ಯೇಸುಸ್ವಾಮಿಯ ಪಾತ್ರಕ್ಕೆ ಯಾರು, ಪಿಲಾತನ ಪಾತ್ರಕ್ಕೆ ಯಾರು ಎಂಬುದನ್ನು ವಾರಗಟ್ಟಲೆ ಚರ್ಚಿಸಿ ನಿರ್ಧರಿಸುತ್ತೇವೆ. ಉಳಿದವರೆಲ್ಲರೂ ಸೈನಿಕರು. ಅವರಿಗೊಂದು ಕೆಂಪು ಬಟ್ಟೆ, ನೆತ್ತಿಯ ಮೇಲೆ ಕಸಬರಿಗೆಯ ಎಳೆ ಸಿಕ್ಕಿಸಿದ ರಟ್ಟಿನ ಶಿರಸ್ತ್ರಾಣ, ಕೈಯಲ್ಲೊಂದು ಬಾರುಕೋಲು. ನಾವು ಅವರಿಗೆ ಹೇಳಿಕೊಡುತ್ತಿದ್ದುದೂ ಅಷ್ಟೇ: ಕುಡಿದವರಂತೆ ತೂರಾಡಿರಿ, ಗಹಗಹಿಸಿ ನಗಿರಿ.

ಒಂದು ಸಂಜೆ ಅಭ್ಯಾಸ ನಡೆದಿದ್ದಾಗ ನಮ್ಮ ಧರ್ಮಕೇಂದ್ರದ ನಿವೃತ್ತ ಹವಾಲ್ದಾರರೊಬ್ಬರು ದೂರದಲ್ಲಿ ನಿಂತು ನೋಡುತ್ತಿದ್ದರು. ಮುಗಿದ ಮೇಲೆ ಹತ್ತಿರ ಬಂದು, "ಫಾದರ್, ನಾ ಇಪ್ಪತ್ನಾಲ್ಕು ವರ್ಷ ಯೂನಿಫಾರ್ಮ್ ಹಾಕ್ಕೊಂಡಾಂವ. ಡ್ಯೂಟಿ ಮ್ಯಾಲಿದ್ದ ಸಿಪಾಯಿ ಹಿಂಗ ಕುಣದಾಡೂದಿಲ್ರಿ" ಎಂದರು. ಸಿಟ್ಟಿನಿಂದ ಹೇಳಿದ ಮಾತಲ್ಲ. ಆದರೆ ಮನಸ್ಸಿಗೆ ನಾಟಿತು. ಇಷ್ಟು ವರ್ಷ ನಾವು ಈ ಸೈನಿಕರನ್ನು ರಂಗದ ಮೇಲೆ ನಿಲ್ಲಿಸಿದ್ದೆವೇ ಹೊರತು ಅವರು ಯಾರು, ಎಲ್ಲಿಂದ ಬಂದವರು, ಯಾವ ಶಿಸ್ತಿನಲ್ಲಿ ಬೆಳೆದವರು ಎಂದು ವಿಚಾರಿಸಿರಲಿಲ್ಲ. ಸೆಮಿನರಿಯಲ್ಲಿ ಲ್ಯಾಟಿನ್ ಕಲಿಯುವಾಗ ಸೀಸರನ ಯುದ್ಧವೃತ್ತಾಂತವನ್ನು ಓದಿದ್ದೆವು, ನಿಜ. ಆಗ ನಮ್ಮ ಗಮನವೆಲ್ಲ ವ್ಯಾಕರಣದ ಕಡೆಗಿತ್ತು. ಈ ಸಲ ಮತ್ತೆ ಪುಸ್ತಕಗಳನ್ನು ತೆರೆದೆವು.

ರೋಮನ್ ಸೈನ್ಯವೆಂದರೆ ಐದು ಸಾವಿರ ಜನರ ಲೀಜನ್, ಮುಂದೆ ಹದ್ದಿನ ಲಾಂಛನ ಎಂಬ ಚಿತ್ರ ಎಲ್ಲರಿಗೂ ಪರಿಚಿತ. ಆದರೆ ಆ ಸೈನ್ಯದ ಮೂಲ ಇರುವುದು ಎಂಟು ಜನರಲ್ಲಿ. ಎಂಟು ಮಂದಿಗೆ ಒಂದು ಚರ್ಮದ ಡೇರೆ, ಒಂದು ಹೇಸರಗತ್ತೆ, ಒಂದು ಬೀಸುವ ಕಲ್ಲು. ಸರಕಾರ ಅವರಿಗೆ ರೊಟ್ಟಿ ಕೊಡುತ್ತಿರಲಿಲ್ಲ, ಗೋದಿಯ ಕಾಳನ್ನು ಕೊಡುತ್ತಿತ್ತು. ಬೀಸಿ, ನಾದಿ, ಸುಟ್ಟುಕೊಳ್ಳುವುದು ಆ ಎಂಟು ಜನರ ಕೆಲಸ. ನಮ್ಮ ಅಜ್ಜಿಯರು ಬೆಳಗಿನ ಜಾವದಲ್ಲಿ ಜೋಳ ಬೀಸುತ್ತಿದ್ದ ಕಲ್ಲಿನ ಸದ್ದನ್ನು ಕೇಳಿ ಬೆಳೆದವರಿಗೆ ರೋಮನ್ ಪಾಳೆಯದ ಸಂಜೆ ಹೇಗಿದ್ದೀತೆಂದು ಊಹಿಸುವುದು ಕಷ್ಟವಲ್ಲ. ಇಂತಹ ಹತ್ತು ಡೇರೆಗಳು ಸೇರಿದರೆ ಒಂದು ಶತಕ. ಹೆಸರು ಶತಕವಾದರೂ ಲೆಕ್ಕಕ್ಕೆ ಎಂಬತ್ತೇ ಜನ. ಅದರ ಮುಖ್ಯಸ್ಥನೇ ಶುಭಸಂದೇಶಗಳಲ್ಲಿ ನಮಗೆ ಪರಿಚಿತನಾದ ಶತಾಧಿಪತಿ. ಆರು ಶತಕಗಳಿಗೆ ಒಂದು ಕೊಹಾರ್ಟ್, ಎಂದರೆ 480 ಜನ. ಹತ್ತು ಕೊಹಾರ್ಟ್‌ಗಳಿಗೆ ಒಂದು ಲೀಜನ್, ಅದಕ್ಕೆ ಹೊಂದಿಕೊಂಡು 120 ಕುದುರೆ ಸವಾರರು. ಶತಾಧಿಪತಿಯ ಕೈಕೆಳಗೆ ಒಬ್ಬ ಸಹಾಯಕ, ಒಬ್ಬ ಲಾಂಛನಧಾರಿ, ಪ್ರತಿರಾತ್ರಿ ಪಹರೆಯ ಗುಪ್ತಪದವನ್ನು ಹಲಗೆಯ ಮೇಲೆ ಬರೆದು ಹಂಚುವ ಇನ್ನೊಬ್ಬ.

ಇದನ್ನು ವಿವರಿಸಿದಾಗ ಹವಾಲ್ದಾರರು ನಕ್ಕರು. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದಲ್ಲಿ ತರಬೇತಿ ಪಡೆದವರು ಅವರು. 1768ರಷ್ಟು ಹಳೆಯ ಪರಂಪರೆಯ ಆ ಪಡೆಯಲ್ಲಿಯೂ ಸಿಪಾಯಿಯ ನಿಜವಾದ ಮನೆ ಅವನ ಸೆಕ್ಷನ್, ಹತ್ತು ಜನರ ಗುಂಪು. "ರೆಜಿಮೆಂಟ್ ಹೆಸರು ದೊಡ್ಡದ್ರಿ ಫಾದರ್, ಆದರ ಜೀವ ಉಳಿಸಾಂವ ಬಾಜೂಕ ಮಲಗಿದಾಂವ" ಎಂದರು. ತತ್ವಶಾಸ್ತ್ರದ ತರಗತಿಯಲ್ಲಿ ಅರಿಸ್ಟಾಟಲ್ ಸೈನ್ಯದ ಉದಾಹರಣೆಯನ್ನು ಕೊಡುವುದು ನೆನಪಾಯಿತು. ಸೈನ್ಯದ ಒಳಿತು ಅದರ ವ್ಯವಸ್ಥೆಯಲ್ಲಿದೆಯೋ ಸೇನಾಪತಿಯಲ್ಲಿದೆಯೋ ಎಂದು ಕೇಳಿ, ಎರಡರಲ್ಲಿಯೂ ಇದೆ, ಸೇನಾಪತಿಯಲ್ಲಿ ಹೆಚ್ಚು ಎಂದು ಆತ ಉತ್ತರಿಸುತ್ತಾನೆ. ಬಗಲಲ್ಲಿ ಮಲಗಿದವನನ್ನು ಆತ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಇನ್ನು ಆಯುಧಗಳ ವಿಷಯ. ಲೀಜನ್ನಿನ ಸಿಪಾಯಿಯ ತಲೆಯ ಮೇಲೆ ಲೋಹದ ಶಿರಸ್ತ್ರಾಣ. ಕೆನ್ನೆಗಳನ್ನೂ ಕತ್ತಿನ ಹಿಂಭಾಗವನ್ನೂ ಮುಚ್ಚುವಂತೆ ಅದಕ್ಕೆ ತಗಡುಗಳು. ಮೈಗೆ ಸಾವಿರಾರು ಕಬ್ಬಿಣದ ಉಂಗುರಗಳನ್ನು ಹೆಣೆದ ಅಂಗಿ, ಅಥವಾ ಪಟ್ಟಿಪಟ್ಟಿಯಾದ ತಗಡುಗಳ ಕವಚ. ಎಡಗೈಯಲ್ಲಿ ಎತ್ತರದ, ಬಾಗಿದ ಗುರಾಣಿ. ಅದು ಒಂದೇ ಹಲಗೆಯದಲ್ಲ. ತೆಳುವಾದ ಮರದ ಪಟ್ಟಿಗಳನ್ನು ಅಡ್ಡಉದ್ದ ಅಂಟಿಸಿ ಮೇಲೆ ಚರ್ಮ ಹೊದಿಸಿದ್ದು, ಇಂದಿನ ಪ್ಲೈವುಡ್ಡಿನಂತೆ. ಬಲಗೈಯಲ್ಲಿ ಎಸೆಯುವ ಈಟಿ. ಅದರ ತುದಿಯ ಹಿಂದಿನ ಕಬ್ಬಿಣದ ದಂಡ ಉದ್ದವಾಗಿ, ತೆಳುವಾಗಿ ಇರುತ್ತಿತ್ತು. ಶತ್ರುವಿನ ಗುರಾಣಿಯಲ್ಲಿ ನಾಟಿದೊಡನೆ ಅದು ಅನೇಕವೇಳೆ ಬಾಗಿಬಿಡುವುದು. ಹಾಗಾದಾಗ ಅದನ್ನು ಕಿತ್ತು ಮರಳಿ ಎಸೆಯಲಾಗದು, ತೂಗುವ ಈಟಿಯೊಂದಿಗೆ ಗುರಾಣಿ ಹಿಡಿದು ಹೋರಾಡಲೂ ಆಗದು. ಸೊಂಟಕ್ಕೆ ಗಿಡ್ಡನೆಯ ಖಡ್ಗ ಮತ್ತು ಬಾಕು. ಖಡ್ಗ ಗಿಡ್ಡ ಏಕೆಂದರೆ ಅದನ್ನು ಬೀಸಲು ಜಾಗ ಬೇಕಿಲ್ಲ. ಗುರಾಣಿಯ ಮರೆಯಿಂದ ತಿವಿದರೆ ಸಾಕು. ಒಬ್ಬನ ಪಕ್ಕದಲ್ಲಿ ಇನ್ನೊಬ್ಬ ಒತ್ತಾಗಿ ನಿಂತು ಹೋರಾಡುವವರಿಗೆ ತಕ್ಕ ಆಯುಧವದು.

ಕಾಲಿಗೆ ಅಡಿಯಲ್ಲಿ ಕಬ್ಬಿಣದ ಮೊಳೆ ಹೊಡೆದ ಚರ್ಮದ ಪಾದರಕ್ಷೆ. ಅದರ ಲ್ಯಾಟಿನ್ ಹೆಸರು ಕಾಲಿಗಾ. ಪಾಳೆಯದಲ್ಲಿ ಬೆಳೆದ ಪುಟ್ಟ ಬಾಲಕನೊಬ್ಬನಿಗೆ ಅಂಥದೇ ಸಣ್ಣ ಜೋಡು ತೊಡಿಸಿ ಸಿಪಾಯಿಗಳು ಪ್ರೀತಿಯಿಂದ ಇಟ್ಟ ಅಡ್ಡಹೆಸರೇ ಕಾಲಿಗುಲಾ. ಆತ ಮುಂದೆ ಕ್ರಿ.ಶ. 37ರಲ್ಲಿ ಚಕ್ರವರ್ತಿಯಾಗಿ ನಾಲ್ಕೇ ವರ್ಷಗಳಲ್ಲಿ ತನ್ನ ಕಾವಲುಪಡೆಯವರ ಕೈಯಲ್ಲೇ ಸತ್ತನು. ಅದು ಬೇರೆ ಕಥೆ.

ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಈ ಸೈನ್ಯವನ್ನು ಕಣ್ಣಾರೆ ಕಂಡವನು, ಅದರ ವಿರುದ್ಧ ಹೋರಾಡಿ ಸೆರೆಸಿಕ್ಕವನು. ಆಯುಧಗಳ ಜೊತೆಗೆ ಕಾಲಾಳು ಹೊರುತ್ತಿದ್ದ ಸಾಮಾನುಗಳನ್ನು ಆತ ಪಟ್ಟಿಮಾಡಿದ್ದಾನೆ. ಗರಗಸ, ಬುಟ್ಟಿ, ಗುದ್ದಲಿ, ಕೊಡಲಿ, ಚರ್ಮದ ಪಟ್ಟಿ, ಕುಡುಗೋಲು, ಸರಪಳಿ, ಮೂರು ದಿನದ ಬುತ್ತಿ. ಹೇಸರಗತ್ತೆಗೂ ಈ ಸಿಪಾಯಿಗೂ ಹೆಚ್ಚು ಅಂತರವಿಲ್ಲ ಎಂಬುದು ಆತನ ಅಭಿಪ್ರಾಯ. ಬೇಸಿಗೆಯ ಐದು ತಾಸಿನಲ್ಲಿ ಇಪ್ಪತ್ತು ರೋಮನ್ ಮೈಲಿ ನಡೆಯಬೇಕೆಂಬುದು ತರಬೇತಿಯ ಅಳತೆ. ಒಂದು ರೋಮನ್ ಮೈಲಿ ಸಾವಿರ ಜೋಡಿ ಹೆಜ್ಜೆ, ಸುಮಾರು ಒಂದೂವರೆ ಕಿಲೋಮೀಟರ್. ಎಂದರೆ ಧಾರವಾಡದಿಂದ ಹುಬ್ಬಳ್ಳಿಗೆ ನಡೆದು, ಅಲ್ಲಿ ನಿಲ್ಲದೆ ಇನ್ನೂ ಒಂಬತ್ತು ಹತ್ತು ಕಿಲೋಮೀಟರ್ ಮುಂದೆ ಹೋದಂತೆ. ಶತ್ರುದೇಶದಲ್ಲಿ ಹಾಗೆ ಹೋಗಿ ತಲುಪಿದ ಮೇಲೆ ವಿಶ್ರಾಂತಿಯೇ? ಇಲ್ಲ. ಅಂದು ಮಲಗುವ ಪಾಳೆಯದ ಸುತ್ತ ಕಂದಕ ತೋಡಿ ಮಣ್ಣಿನ ದಿಬ್ಬ ಹಾಕಬೇಕು. ರೋಮ್ ಜಗತ್ತನ್ನು ಗೆದ್ದದ್ದು ಖಡ್ಗದಿಂದಲೋ ಗುದ್ದಲಿಯಿಂದಲೋ ಹೇಳುವುದು ಕಷ್ಟ.

ಸೇನೆಗೆ ಸೇರುವವನು ಪ್ರಮಾಣ ಮಾಡಬೇಕಿತ್ತು, ವರ್ಷವರ್ಷವೂ ಅದನ್ನು ನವೀಕರಿಸಬೇಕಿತ್ತು. ಆ ಪ್ರಮಾಣಕ್ಕೆ ಸಾಕ್ರಮೆಂತುಂ ಎಂದು ಹೆಸರು. ದೀಕ್ಷಾಸ್ನಾನ ಮೊದಲಾದ ಸಂಸ್ಕಾರಗಳಿಗೆ ಲ್ಯಾಟಿನ್ ಧರ್ಮಸಭೆ ಬಳಸಿಕೊಂಡದ್ದು ಇದೇ ಶಬ್ದವನ್ನು. ಪ್ರಮಾಣದ ವಿಷಯದಲ್ಲಿ ನಮ್ಮ ಕನ್ನಡನಾಡು ರೋಮಿಗಿಂತ ಬಹಳ ಮುಂದೆ ಹೋಗಿತ್ತು. ಹೊಯ್ಸಳರ ಗರುಡರು ದೊರೆಯ ಜೊತೆಗೆ ಸಾಯುವ ವ್ರತ ತೊಟ್ಟವರು. 1220ರಲ್ಲಿ ಇಮ್ಮಡಿ ಬಲ್ಲಾಳನು ತೀರಿಕೊಂಡಾಗ ದಂಡನಾಯಕ ಕುವರ ಲಕ್ಷ್ಮನೂ ಅವನ ಪತ್ನಿಯೂ ಅವನ ಯೋಧರೂ ಪ್ರಾಣಬಿಟ್ಟರೆಂಬುದನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬ ಇಂದಿಗೂ ಹೇಳುತ್ತದೆ. ರೋಮ್ ತನ್ನ ಸಿಪಾಯಿಯಿಂದ ಅಷ್ಟನ್ನು ಬಯಸಲಿಲ್ಲ. ಚಕ್ರವರ್ತಿ ಸತ್ತರೆ ಮುಂದಿನವನ ಹೆಸರಿನಲ್ಲಿ ಪ್ರಮಾಣ ಮಾಡಿದರೆ ಸಾಕಾಗಿತ್ತು.

ಹಾಗಾದರೆ ಗೊಲ್ಗೊಥದಲ್ಲಿ ನಿಂತವರು ಇವರೇ ಏನು? ಇಲ್ಲಿಯೇ ನಮಗೆ ಆಶ್ಚರ್ಯವಾದದ್ದು. ಆ ಕಾಲಕ್ಕೆ ಜುದೇಯದಲ್ಲಿ ಲೀಜನ್ನೇ ನೆಲೆಸಿರಲಿಲ್ಲ. ನಾಲ್ಕು ಲೀಜನ್‌ಗಳಿದ್ದುದು ಉತ್ತರದ ಸಿರಿಯಾ ಪ್ರಾಂತದಲ್ಲಿ. ಕ್ರಿ.ಶ. 26ರಿಂದ 36ರವರೆಗೆ ಜುದೇಯವನ್ನಾಳಿದ ಪಿಲಾತನ ಪದವಿ ಪ್ರಿಫೆಕ್ಟ್ ಎಂಬುದು 1961ರಲ್ಲಿ ಸೆಜರೇಯದಲ್ಲಿ ದೊರೆತ ಶಿಲಾಶಾಸನದಿಂದ ಖಚಿತವಾಯಿತು. ಆತನ ಕೈಕೆಳಗಿದ್ದುದು ಸಹಾಯಕ ಪಡೆಗಳು, ಎಂದರೆ ರೋಮಿನ ಪೌರತ್ವವಿಲ್ಲದ ಪ್ರಜೆಗಳಿಂದ ಕಟ್ಟಿದ ಕೊಹಾರ್ಟ್‌ಗಳು. ಕ್ರಿ.ಶ. 44ರಲ್ಲಿ ಅಲ್ಲಿ ಒಂದು ಕುದುರೆ ದಳ ಮತ್ತು ಐದು ಕೊಹಾರ್ಟ್‌ಗಳಿದ್ದವು, ಅವರು ಸೆಬಾಸ್ತೆ ಮತ್ತು ಸೆಜರೇಯದವರು ಎಂದು ಜೋಸೆಫಸ್ ಬರೆಯುತ್ತಾನೆ. ಅವರನ್ನು ದೂರದ ಪೊಂತಕ್ಕೆ ಕಳುಹಿಸಲು ಚಕ್ರವರ್ತಿ ಕ್ಲಾಡಿಯಸ್ ಅಪ್ಪಣೆ ಮಾಡಿದಾಗ, ನಮ್ಮನ್ನು ಇಲ್ಲಿಯೇ ಬಿಡಿರೆಂದು ಬೇಡಿಕೊಂಡು ಉಳಿದುಕೊಂಡರಂತೆ. ಪಿಲಾತನ ಸಿಪಾಯಿಗಳೂ ಹೆಚ್ಚಾಗಿ ಇಂಥವರೇ ಎಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ.

ಸೆಬಾಸ್ತೆ ಎಂದರೆ ಹಳೆಯ ಸಮಾರಿಯ ಪಟ್ಟಣ, ಜೆರುಸಲೇಮಿಗೆ ಎರಡು ಮೂರು ದಿನದ ನಡಿಗೆ. ನಾವು ರಂಗದ ಮೇಲೆ "ರೋಮನರು" ಎಂದು ಕೂಗುವ ಆ ಜನ ರೋಮ್ ಪಟ್ಟಣವನ್ನು ಕಂಡಿರಲಾರರು. ನೆರೆಯ ಊರಿನ, ನೆರೆಯ ಭಾಷೆಯ ಮಕ್ಕಳು. ಬಾಗಿದ ದೊಡ್ಡ ಗುರಾಣಿಯ ಬದಲು ಚಪ್ಪಟೆಯ ಉದ್ದನೆಯ ಗುರಾಣಿ, ಎಸೆಯುವ ಈಟಿಯ ಬದಲು ತಿವಿಯುವ ಭರ್ಜಿ ಹಿಡಿದವರು. ಇಪ್ಪತ್ತೈದು ವರ್ಷ ದುಡಿದರೆ ರೋಮಿನ ಪೌರತ್ವ ದೊರಕೀತೆಂಬ ಆಸೆ ಅವರಿಗಿತ್ತು. ಮುಂದೆ ಅದು ಕಾಯಿದೆಯಾಗಿ, ಕಂಚಿನ ತಗಡಿನ ಮೇಲೆ ಕೊರೆದು ಕೊಡುವ ಪದ್ಧತಿ ಬಂತು. ಸೇವೆಯಲ್ಲಿರುವವರೆಗೆ ಮದುವೆಗೆ ಕಾನೂನಿನ ಮನ್ನಣೆಯಿಲ್ಲ. ಪರರ ಸೈನ್ಯದಲ್ಲಿ ನೆರೆಯವರನ್ನೇ ಕಾಯುವ ಕೆಲಸ. ಸಂಬಳದ ಸಿಪಾಯಿಗಳಿಂದ ಭಾರತವನ್ನಾಳಿದ ಕಂಪನಿ ಸರಕಾರದ ಚರಿತ್ರೆ ಓದಿದ ನಮಗೆ ಈ ವ್ಯವಸ್ಥೆ ಹೊಸದೇನಲ್ಲ.

ಸಿಪಾಯಿಯ ಈ ಭಾರ ಜನಸಾಮಾನ್ಯರ ಬೆನ್ನಿಗೂ ಬೀಳುತ್ತಿತ್ತು. ದಾರಿಯಲ್ಲಿ ಸಿಕ್ಕವನನ್ನಾಗಲಿ ಅವನ ಕತ್ತೆಯನ್ನಾಗಲಿ ಹಿಡಿದು ಹೊರೆ ಹೊರಿಸುವ ಅಧಿಕಾರ ಸೈನ್ಯಕ್ಕಿತ್ತು. ಕನ್ನಡದಲ್ಲಿ ಇದಕ್ಕೆ ಸರಿಯಾದ ಶಬ್ದವೇ ಇದೆ: ಬಿಟ್ಟಿ. ನಮ್ಮ ಹಳೆಯ ಶಾಸನಗಳಲ್ಲಿ ತೆರಿಗೆಗಳ ಜೊತೆಗೆ ಬಿಟ್ಟಿಯೂ ಬರುತ್ತದೆ. ನಮ್ಮ ಹಿರಿಯರಿಗೆ ಬಿಟ್ಟಿ ಬೇಗಾರಿಯ ಕಹಿ ಗೊತ್ತು. ಒಂದು ಮೈಲಿ ಹೊರಲು ಒತ್ತಾಯಿಸಿದವನೊಡನೆ ಎರಡು ಮೈಲಿ ಹೋಗೆಂದು ಯೇಸು ಬೆಟ್ಟದ ಮೇಲೆ ಹೇಳಿದ್ದು ಈ ಬಿಟ್ಟಿಯ ಕುರಿತೇ. ಮತ್ತಾಯರ ಗ್ರೀಕ್ ಮೂಲದಲ್ಲಿ ಅಲ್ಲಿ ಬರುವ ಕ್ರಿಯಾಪದವೇ ಸಿರೇನ್ಯದ ಸಿಮೋನನ ಪ್ರಸಂಗದಲ್ಲಿಯೂ ಬರುತ್ತದೆ. ಹೊಲದಿಂದ ಬರುತ್ತಿದ್ದ ಸಿಮೋನ ಸ್ವಇಚ್ಛೆಯಿಂದ ಶಿಲುಬೆಗೆ ಹೆಗಲು ಕೊಟ್ಟನೆಂದು ನಾವು ತೋರಿಸುತ್ತಿದ್ದೆವು. ಮೂಲದ ಪ್ರಕಾರ ಅವನನ್ನು ಬಿಟ್ಟಿಗೆ ಹಿಡಿದರು.

ಶಿಲುಬೆಯ ಬುಡದಲ್ಲಿ ಎಷ್ಟು ಮಂದಿ? ಯೊವಾನ್ನರ ಶುಭಸಂದೇಶ ಸೂಚಿಸುತ್ತದೆ: ಬಟ್ಟೆಗಳನ್ನು ನಾಲ್ಕು ಪಾಲು ಮಾಡಿದರು, ಒಬ್ಬೊಬ್ಬನಿಗೆ ಒಂದು. ಅದು ಆಕಸ್ಮಿಕವಲ್ಲ. ನಾಲ್ವರ ಗುಂಪು ರೋಮನ್ ಪಹರೆಯ ಘಟಕ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಹೆರೋದನು ಪೇತ್ರನನ್ನು ಸೆರೆಯಲ್ಲಿಟ್ಟಾಗಲೂ ನಾಲ್ನಾಲ್ಕು ಜನರ ನಾಲ್ಕು ಗುಂಪುಗಳನ್ನು ಕಾವಲಿಗೆ ಹಾಕುತ್ತಾನೆ. ರಾತ್ರಿಯ ನಾಲ್ಕು ಜಾವಗಳಿಗೆ ಒಂದೊಂದು ಗುಂಪು. ಅಲ್ಲಿಯೇ ಇದ್ದ ಪಾತ್ರೆಯ ಹುಳಿರಸವೂ ಹಾಗೆಯೇ. ಹುಳಿತ ದ್ರಾಕ್ಷಾರಸಕ್ಕೆ ನೀರು ಬೆರೆಸಿದ ಪೋಸ್ಕಾ ಸಿಪಾಯಿಯ ದಿನನಿತ್ಯದ ಪಾನೀಯ, ನಮ್ಮ ಹೊಲದ ಕೆಲಸದವರ ಮಜ್ಜಿಗೆಯಂತೆ. ಲೂಕರು ಅದನ್ನು ಅಣಕದ ಸಂದರ್ಭದಲ್ಲಿ ಹೇಳುತ್ತಾರೆ. ಯೊವಾನ್ನರಲ್ಲಿಯಾದರೋ, ಬಾಯಾರಿಕೆ ಎಂಬ ಮಾತು ಕೇಳಿದ ಮೇಲೆ ಅದನ್ನು ಕೊಡುತ್ತಾರೆ. ತಾನು ಕುಡಿಯುವುದನ್ನೇ ಯಾರೋ ಒಬ್ಬನು ಎತ್ತಿ ತುಟಿಗೆ ಹಿಡಿದನೆಂದು ಓದಿದರೆ ತಪ್ಪಾಗಲಾರದು.

ಇನ್ನು ಚೀಟಿ ಹಾಕಿದ ಅಂಗಿ. ಅದನ್ನು ಅರ್ಥಮಾಡಿಕೊಳ್ಳಲು ಸಿಪಾಯಿಯ ಸಂಬಳ ಗೊತ್ತಿರಬೇಕು. ಅಗಸ್ಟಸನ ಕಾಲದಿಂದ ಲೀಜನ್ನಿನ ಕಾಲಾಳಿಗೆ ವರ್ಷಕ್ಕೆ 225 ದೆನಾರಿ, ಮೂರು ಕಂತುಗಳಲ್ಲಿ. ದ್ರಾಕ್ಷಿತೋಟದ ಸಾಮತಿಯಲ್ಲಿ ಕೂಲಿಯವನ ದಿನಗೂಲಿ ಒಂದು ದೆನಾರಿ ಎಂಬುದನ್ನು ನೆನೆದರೆ ಇದು ದೊಡ್ಡ ಮೊತ್ತವಲ್ಲ. ಇದರಲ್ಲಿಯೂ ಕಡಿತ. ಮೃತ ಸಮುದ್ರದ ದಂಡೆಯ ಮಸಾದಾ ಕೋಟೆಯಲ್ಲಿ ಗಾಯುಸ್ ಮೆಸಿಯುಸ್ ಎಂಬ ಬೈರೂತಿನ ಸಿಪಾಯಿಯ ಸಂಬಳದ ಚೀಟಿ ದೊರೆತಿದೆ, ವೆಸ್ಪಾಸಿಯನ್ ಚಕ್ರವರ್ತಿಯ ಕಾಲದ್ದು. ಕೈಗೆ ಬಂದ ಕಂತು 50 ದೆನಾರಿ. ಜವೆಗೋದಿಗೆ 16, ಊಟಕ್ಕೆ 20, ಪಾದರಕ್ಷೆಗೆ 5, ಚರ್ಮದ ಪಟ್ಟಿಗಳಿಗೆ 2, ನಾರಿನ ಅಂಗಿಗೆ 7. ಓದುಗರು ಕೂಡಿಸಿ ನೋಡಬಹುದು, ಉಳಿದದ್ದು ಸೊನ್ನೆ. ಒಂದು ಅಂಗಿಗೆ ಕಂತಿನ ಏಳನೆಯ ಒಂದು ಭಾಗ ಕೊಡುವವನ ಕಣ್ಣಿಗೆ ಹೊಲಿಗೆಯಿಲ್ಲದ, ಅಖಂಡವಾಗಿ ನೇಯ್ದ ಅಂಗಿ ಬಿದ್ದರೆ ಅದನ್ನು ಹರಿಯಲು ಅವನ ಕೈ ಬಾರದು. ದೀಕ್ಷಾಗುರು ಯೊವಾನ್ನರ ಬಳಿಗೆ ಸಿಪಾಯಿಗಳು ಬಂದು ನಾವೇನು ಮಾಡಬೇಕೆಂದು ಕೇಳಿದಾಗ, ಯಾರನ್ನೂ ಸುಲಿಯಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂಬರ್ಥದ ಉತ್ತರ ಸಿಕ್ಕಿತು. ಈ ಚೀಟಿ ನೋಡಿದ ಮೇಲೆ ಆ ಉಪದೇಶ ಎಷ್ಟು ಕಠಿಣವೆಂದು ನಮಗೆ ತಿಳಿಯಿತು.

ಅಂದಹಾಗೆ, ಆ ದೆನಾರಿ ನಾಣ್ಯ ನಮ್ಮ ಮಣ್ಣಿಗೆ ಅಪರಿಚಿತವಲ್ಲ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ತಿಬೇರಿಯಸನ ಬೆಳ್ಳಿಯ ದೆನಾರಿಯಸ್ ಸಿಕ್ಕಿದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಇಂತಹ ನೂರಕ್ಕೂ ಹೆಚ್ಚು ನಾಣ್ಯಗಳು ದೊರೆತವು. ತಿಬೇರಿಯಸ್ ಎಂದರೆ ಪಿಲಾತನನ್ನು ಜುದೇಯದಲ್ಲಿ ನೇಮಿಸಿದ ಚಕ್ರವರ್ತಿ. ಇದರ ಮೇಲಿನ ಮುಖ ಯಾರದೆಂದು ಯೇಸು ಕೇಳಿದ್ದು ಅವನ ಆಳ್ವಿಕೆಯಲ್ಲಿ. ಭಾರತದ ಸರಕುಗಳಿಗಾಗಿ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹೊರಟು ಹೋಗುತ್ತಿದೆ ಎಂದು ಅಂದಿನ ಪ್ಲಿನಿ ಹಲುಬಿದ್ದಾನೆ. ಅತ್ತ ಸಿಪಾಯಿಯ ಕಂತಾಗಿ ಎಣಿಸಿಕೊಟ್ಟ ನಾಣ್ಯದ ಒಡಹುಟ್ಟುಗಳೇ ಇತ್ತ ಕನ್ನಡನಾಡಿನ ಸಂತೆಗಳಲ್ಲಿ ಕೈಬದಲಾಗಿರಬೇಕು.

ಹವಾಲ್ದಾರರ ಮಾತನ್ನು ಪೂರ್ತಿಯಾಗಿ ಒಪ್ಪಲು ಮಾತ್ರ ನಮಗೆ ಸಾಧ್ಯವಾಗಲಿಲ್ಲ. ಅಂದು ಅಣಕ ನಡೆದದ್ದು ನಿಜ. ಅರಮನೆಯಂಗಳದಲ್ಲಿ ಇಡೀ ಕೊಹಾರ್ಟನ್ನು ಕೂಡಿಸಿದರೆಂದು ಮಾರ್ಕರು ಬರೆಯುತ್ತಾರೆ. ಮತ್ತಾಯರು ಹೇಳುವ ಕೆಂಪು ಮೇಲುವಸ್ತ್ರ ಸಿಪಾಯಿಯೇ ಹೊದೆಯುವಂಥದು. ಆದರೆ ಅವರು ಕುಡಿದಿದ್ದರೆಂದು ಯಾವ ಶುಭಸಂದೇಶವೂ ಹೇಳುವುದಿಲ್ಲ. ಅದು ನಾವು ಸೇರಿಸಿದ್ದು. ಕುಡಿದು ಮಾಡಿದ್ದರೆ ನಮಗೆ ಎಷ್ಟೋ ಸಮಾಧಾನವಿತ್ತು. ನೆಟ್ಟಗಿರುವ ಬುದ್ಧಿಯಿಂದ, ಸರದಿಯ ಪ್ರಕಾರ, ನಾಲ್ಕು ಜನರಿಗೆ ಹಂಚಿಕೊಟ್ಟ ಕೆಲಸವಾಗಿ ಅದು ನಡೆಯಿತು.

ಅವರ ಮೇಲಿದ್ದ ಶತಾಧಿಪತಿಯ ಕೈಯಲ್ಲಿ ಅಧಿಕಾರದ ಗುರುತಾಗಿ ದ್ರಾಕ್ಷಿಬಳ್ಳಿಯ ಕೋಲಿರುತ್ತಿತ್ತು. ಕ್ರಿ.ಶ. 9ರಲ್ಲಿ ಜರ್ಮನಿಯ ಕಾಡಿನಲ್ಲಿ ಮಡಿದ ಮಾರ್ಕುಸ್ ಕೇಲಿಯುಸ್ ಎಂಬ ಶತಾಧಿಪತಿಯ ಸ್ಮಾರಕ ಶಿಲೆಯಲ್ಲಿ ಅದನ್ನು ಕಾಣಬಹುದು. ನಮ್ಮ ಊರುಗಳ ವೀರಗಲ್ಲುಗಳಂತೆ ಅದೂ ಆಳಿನ ರೂಪ ಕೊರೆದು ನಿಲ್ಲಿಸಿದ ಕಲ್ಲು. ಇನ್ನೊಬ್ಬ ಶತಾಧಿಪತಿ ಲುಕಿಲಿಯುಸ್. ಸಿಪಾಯಿಗಳ ಬೆನ್ನ ಮೇಲೆ ಕೋಲು ಮುರಿದು, ಇನ್ನೊಂದು ತಾ, ಇನ್ನೊಂದು ತಾ ಎನ್ನುತ್ತಿದ್ದುದರಿಂದ ಅವನಿಗೆ "ಇನ್ನೊಂದು ತಾ" ಎಂದೇ ಅಡ್ಡಹೆಸರು ಬಿದ್ದಿತ್ತು, ಕ್ರಿ.ಶ. 14ರ ದಂಗೆಯಲ್ಲಿ ಸಿಪಾಯಿಗಳು ಅವನನ್ನು ಕೊಂದರು. ಇಂಥ ಹುದ್ದೆಯವರ ಬಾಯಿಂದಲೇ ನಂಬಿಕೆಯ ದೊಡ್ಡ ಮಾತುಗಳು ಬಂದವು. ಕಫೆರ್ನವುಮಿನ ಶತಾಧಿಪತಿ, ತಾನೂ ಒಬ್ಬರ ಕೈಕೆಳಗಿನವನು, ತನ್ನ ಕೈಕೆಳಗೂ ಸಿಪಾಯಿಗಳಿದ್ದಾರೆ ಎಂದು ತನ್ನ ಸೈನ್ಯದ ವ್ಯವಸ್ಥೆಯನ್ನೇ ದೃಷ್ಟಾಂತವಾಗಿ ಕೊಟ್ಟನು. ಆತನ ವಿನಯದ ನುಡಿಯನ್ನು ಪರಮಪ್ರಸಾದಕ್ಕೆ ಮುಂಚೆ ನಾವೆಲ್ಲರೂ ಪ್ರತಿ ಬಲಿಪೂಜೆಯಲ್ಲಿ ಉಚ್ಚರಿಸುತ್ತೇವೆ. ಗೊಲ್ಗೊಥದ ಶತಾಧಿಪತಿ ಕೆಲಸ ಮುಗಿಸಿದ ಮೇಲೆ ಮಾತನಾಡಿದನು. ಮುಗಿಸುವ ಮೊದಲು ಮಾತನಾಡಲಿಲ್ಲ. ಆಜ್ಞೆ ಮೀರಬಹುದಿತ್ತೇ ಎಂದು ಹವಾಲ್ದಾರರನ್ನು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಅದನ್ನ ಕೇಳಬ್ಯಾಡ್ರಿ ಫಾದರ್" ಎಂದರು.

ಈ ಸಲದ ಅಭ್ಯಾಸವನ್ನು ಅವರೇ ನಡೆಸುತ್ತಿದ್ದಾರೆ. ಸೈನಿಕರು ಹದಿನೆಂಟು ಜನರಿದ್ದುದನ್ನು ನಾಲ್ವರಿಗೆ ಇಳಿಸಿ, ಮೇಲೊಬ್ಬ ಶತಾಧಿಪತಿಯನ್ನು ಇಟ್ಟಿದ್ದಾರೆ. ಕಸಬರಿಗೆಯ ಎಳೆಗಳು ಹೋದವು. ನಗುವೂ ಹೋಯಿತು. ನಾಲ್ವರಲ್ಲಿ ಒಬ್ಬನು ಮೊಳೆ ಹಿಡಿಯುತ್ತಾನೆ, ಒಬ್ಬನು ಸುತ್ತಿಗೆ ಎತ್ತುತ್ತಾನೆ, ಇಬ್ಬರು ಜನರತ್ತ ಮುಖಮಾಡಿ ನಿಲ್ಲುತ್ತಾರೆ. ಮೊಳೆ ಹೊಡೆದ ಪಾದರಕ್ಷೆ ಎಲ್ಲಿಂದ ತರುವುದೆಂಬುದೊಂದು ಉಳಿದಿದೆ. ಕಲಘಟಗಿಯ ಸಂತೆಯಲ್ಲಿ ಚಮ್ಮಾರರನ್ನು ವಿಚಾರಿಸುವುದಾಗಿ ಹುಡುಗರು ಹೇಳಿ ಹೋಗಿದ್ದಾರೆ.